ಎರಡು ದಿನದ ಬುತ್ತಿ

ತೊಂಗೊಯ್ ಕೊಲ್ಲಿ. ರಾತ್ರಿ ಎರಡೂವರೆ.
ಪಾಚಿ ಕೋಣೆಯ ಟ್ಯೂಬ್‌ಲೈಟಿಗೆ ನಿದ್ದೆಯಿಲ್ಲ, ನನಗೂ.
ಇಪ್ಪತ್ತು ಲೀಟರಿನ ಗಾಜಿನ ಬುರುಡೆಗಳಲ್ಲಿ
ಚಹದ ಬಣ್ಣದ ನೀರು ಗುಳುಗುಳು ಉಸಿರಾಡುತ್ತದೆ.
ಹದಿನೇಳು ವರ್ಷದಿಂದ ನನ್ನ ಕೆಲಸ ಇದೇ:
ಕಣ್ಣಿಗೆ ಕಾಣದ್ದನ್ನು ಬೆಳೆಸಿ
ಮಾತಿಲ್ಲದವರಿಗೆ ಬಡಿಸುವುದು.

ತೊಟ್ಟಿಯಲ್ಲಿ ಎಂಬತ್ತು ಬೀಸಣಿಗೆ ಚಿಪ್ಪು, ಎಲ್ಲ ತಾಯಂದಿರು.
ತಾಯಿ ಅನ್ನುವುದೂ ಅರ್ಧ ಸುಳ್ಳು:
ಒಂದೇ ಮೈಯೊಳಗೆ ಬಿಳಿ ತಂದೆ, ಕಿತ್ತಳೆ ತಾಯಿ,
ಗೋಡೆಯಿಲ್ಲದ ಸಂಸಾರ.
ಚಿಪ್ಪಿನ ಅಂಚಿಗೆ ಸಾಲು ಸಾಲು ಕಣ್ಣು, ರಾಗಿ ಕಾಳಿನಷ್ಟು;
ನನ್ನ ನೆರಳು ಬಿದ್ದರೆ ಸಾಕು
ಪಟಪಟ ಕದ ಹಾಕಿಕೊಳ್ಳುತ್ತವೆ.
ಇಷ್ಟು ವರ್ಷ ಉಂಡ ಋಣಕ್ಕೆ ಒಂದಾದರೂ
ತೆರೆದಿರಬಾರದೆ?

ಆಗಸ್ಟಿನಲ್ಲಿ ಸೋಂಕು ತಗಲಿ
ಕಂದು ಪಾಚಿ ಎರಡೂ ಸತ್ತವು.
ಉಳಿದದ್ದು ಹಸಿರೊಂದು,
ಯಾವ ಬಕೆಟ್ಟಿನಲ್ಲೂ ಹುಟ್ಟುವ ಜಾತಿ.
ಹೊಟ್ಟೆ ತುಂಬಿದರಾಯಿತಲ್ಲ, ಅಂದ ಯಜಮಾನ ಎಲಿಯೊದೋರೊ.
ಆರು ವಾರ ಅದನ್ನೇ ಸುರಿದೆ.
ತುಂಬಿದವು. ಉಬ್ಬಿದವು. ಕಿತ್ತಳೆ ಚೀಲ ಮಿರಿಮಿರಿ ಮಿಂಚಿತು.
ನೀರು ಬೆಚ್ಚಗೆ ಮಾಡಿದ ದಿನ
ಹೊಗೆಯಂತೆ ಬಿಳಿ ಮೊದಲು, ಆಮೇಲೆ ಕೆಂಪು ಧೂಳು;
ಎಣಿಸಿದರೆ ಒಂಬತ್ತು ಕೋಟಿ ಮೊಟ್ಟೆ!
ಎಲಿಯೊದೋರೊ ಓಡಿಹೋಗಿ ಎಂಪನಾಡ ತಂದ,
ತಲೆಗೆ ಎರಡೆರಡು.

ಇಸ್ಮೇನಿಯ ತಬೀಲೊ ತಿನ್ನಲಿಲ್ಲ.
ಸೂಕ್ಷ್ಮದರ್ಶಕಕ್ಕೆ ಹಣೆ ಅಂಟಿಸಿಕೊಂಡೇ ಇದ್ದಳು.
ಬಾ ಇಲ್ಲಿ ನೊಲ್ಬಿಯ, ಅಂದಳು, ದೀಪ ಆರಿಸು.
ಬಣ್ಣ ಹಾಕಿದರೆ ಮೊಟ್ಟೆಯೊಳಗಿನ ಎಣ್ಣೆ
ಹನಿಹನಿಯಾಗಿ ಹೊಳೆಯಬೇಕು.
ನಾನು ಕಂಡದ್ದು
ಕರೆಂಟು ಹೋದ ಊರು.
ಎಲ್ಲೋ ಒಂದು ಕಿಟಕಿಯಲ್ಲಿ ಮೇಣದ ಬತ್ತಿ.

ಇದಕ್ಕೆ ಬಾಯಿ ಮೂಡಲು ಎರಡು ದಿನ ಬೇಕು, ಅಂದಳು,
ಅಲ್ಲಿಯವರೆಗೆ ತಾಯಿ ಕಟ್ಟಿದ ಬುತ್ತಿಯೇ ಗತಿ.
ನಾವು ತಾಯಿಗೆ ಕೊಡದ್ದನ್ನು
ತಾಯಿ ಎಲ್ಲಿಂದ ತಂದು ಕಟ್ಟುತ್ತಾಳೆ?

ಎರಡನೆಯ ದಿನ ನೂರಕ್ಕೆ ಹನ್ನೊಂದು
ಚಿಪ್ಪು ಕಟ್ಟಿಕೊಂಡು ಈಜಿದವು.
ಮಿಕ್ಕವನ್ನು ಜರಡಿಯಲ್ಲಿ ಸೋಸಿ
ಮೋರಿಗೆ ಬಿಟ್ಟವಳು ನಾನೇ.
ಕೈಯಲ್ಲಿ ಏನೂ ಉಳಿಯಲಿಲ್ಲ,
ತುಸು ಜಿಗುಟು, ಅಷ್ಟೆ.

ಆ ರಾತ್ರಿ ಅಮ್ಮನನ್ನು ಕೇಳಿದೆ,
ಎಂಬತ್ತಮೂರರ ಚಳಿಗಾಲದಲ್ಲಿ ಏನು ತಿಂದೆ,
ನಾನು ಹೊಟ್ಟೆಯಲ್ಲಿದ್ದಾಗ?
ಚಹ, ಬ್ರೆಡ್ಡು, ಅಂದಳು. ಮತ್ತೆ ಚಹ.
ಚರ್ಚಿನ ಹಿಂದೆ ಬೀದಿಗೆಲ್ಲ ಒಂದೇ ಹಂಡೆ,
ಪಾತ್ರೆ ಹಿಡಿದು ಸಾಲು.
ಮೀನೆಲ್ಲ ಪಟ್ಟಣದ ಲಾರಿಗೆ. ತಲೆ ಮಾತ್ರ ನಮಗೆ.
ಹಂಡೆ ಕಾಯುವ ಮುದುಕಿ ಗೌಡೆನ್ಸಿಯ
ಸೌಟಿನಲ್ಲಿ ತಡಕಿ ತಡಕಿ ಕಣ್ಣುಗಳನ್ನೆತ್ತಿ
ನನ್ನ ಬಟ್ಟಲಿಗೇ ಹಾಕುತ್ತಿದ್ದಳು:
ನುಂಗು ಹೆಣ್ಣೆ, ಜಿಡ್ಡಿರೋದು ಅಲ್ಲೇ.
ಎರಡು ಕೇಜಿ ಹುಟ್ಟಿದೆ ನೀನು,
ಅಂದಳು ಅಮ್ಮ, ಯಾರದೋ ತಪ್ಪೊಪ್ಪಿಕೊಂಡ ಹಾಗೆ.

ಮರುದಿನ ಬಸ್ಸು ಹತ್ತಿ ಕೊಕಿಂಬೊಗೆ ಹೋದೆ.
ಕಾಲೇಜಿನ ಹುಡುಗನ ಕೈಕಾಲು ಹಿಡಿದು
ಕಂದು ಪಾಚಿ ತಂದೆ, ಜಾತಿಗೊಂದು ಪ್ರನಾಳ,
ರವಿಕೆಯೊಳಗಿಟ್ಟು, ಚಳಿ ತಾಗದಂತೆ.
ಪ್ರನಾಳದಿಂದ ಸೀಸೆ, ಸೀಸೆಯಿಂದ ಬುರುಡೆ,
ಹೆಪ್ಪು ಹಾಕಿದ ಹಾಗೆ, ಮೂರು ವಾರ.
ಆಮೇಲೆ ಎರಡನ್ನೂ ಬೆರೆಸಿ
ಹಗಲಿಗೆ ನಾಲ್ಕು, ರಾತ್ರಿಗೆ ಎರಡು ಊಟ.

ಇವತ್ತು ಸಂಜೆ ಮೊಟ್ಟೆಯಿಟ್ಟವು.
ಮೂರು ಕೋಟಿಯೂ ಇಲ್ಲ.
ಎಲಿಯೊದೋರೊ ಲೆಕ್ಕದ ಹಾಳೆ ಎರಡು ಸಲ ನೋಡಿ
ಟೋಪಿ ಹಾಕಿಕೊಂಡು ಮನೆಗೆ ಹೋದ.
ಎಂಪನಾಡ ಬರಲಿಲ್ಲ.

ಇಸ್ಮೇನಿಯ ಚಹಕ್ಕೆ ಬ್ರೆಡ್ಡು ಅದ್ದುತ್ತ
ಗಲ್ಲದಿಂದಲೇ ಸನ್ನೆ ಮಾಡಿದಳು, ನೋಡು.
ದೀಪ ಆರಿಸಿದೆ.
ಕತ್ತಲಲ್ಲಿ ಒಂದೊಂದು ಗೋಲದೊಳಗೂ ಒತ್ತೊತ್ತಾಗಿ
ಹನಿ, ಹನಿ, ಹನಿ,
ದೋಣಿಗಳೆಲ್ಲ ಕಂದೀಲು ಹಚ್ಚಿ
ಕೊಲ್ಲಿಗೆ ಮರಳಿದಂತೆ.

ಎಷ್ಟು ಹೊತ್ತು ನೋಡಿದೆನೊ.
ಬಾಯಿ ಮೂಡಲು ಇನ್ನೂ ನಲವತ್ತು ಗಂಟೆಯಿದೆ,
ಆಗ ಹಸಿವೆಂದರೆ ನಾನು ಸಿದ್ಧವಿರಬೇಕು.
ಆರನೇ ಬುರುಡೆಯ ಗಾಳಿಕೊಳವೆ ಕಟ್ಟಿದೆ.
ಊದಿ ನೋಡುತ್ತೇನೆ.